*ಇಂದಿನ ಧಮ್ಮ ಚಿಂತನೆ: ಅಂಗಾಲಿಗೆ ಎಷ್ಟು ಪದರ?*



ದೂರದ ಓಟಕ್ಕೆ ತಯಾರಿ ನಡೆಸಿರುವ ರಾಣೆಬೆನ್ನೂರಿನ ಯುವಮಿತ್ರರೊಬ್ಬರ ಪ್ರಶ್ನೆ: "ಸರ್, ದಪ್ಪ ಮೆತ್ತೆಯ ಟ್ರೇಲ್ ಶೂ ತಗೋ ಅಂತಾರ. ಮನ್ಯಾಗ ರೊಕ್ಕ ಕೇಳಾಕ ಸಂಕೋಚ. ಇದೂ ತೃಷ್ಣೆನ ಅಲ್ಲೇನ್ರಿ?"

ಒಳ್ಳೆಯ ಪ್ರಶ್ನೆ. ಭಗವಾನರ ಮುಂದೆಯೂ ಇಂಥದೇ ಪ್ರಸಂಗ ಬಂದಿತ್ತು.

ವಿನಯಪಿಟಕದ ಮಹಾವಗ್ಗದಲ್ಲಿ ಸೋಣ ಕೋಳಿವೀಸನ ಕಥೆಯಿದೆ. ಚಂಪಾ ನಗರದ ಸಿರಿವಂತರ ಮಗ, ಮೆತ್ತನೆಯ ಅಂಗಾಲಿನವನು. ಭಿಕ್ಖುವಾದ ಮೇಲೆ ಎಷ್ಟು ಬಿರುಸಿನಿಂದ ಚಂಕ್ರಮಣ ಮಾಡಿದನೆಂದರೆ, ಪಾದ ಒಡೆದು ದಾರಿಯೆಲ್ಲ ರಕ್ತವಾಯಿತು. ಆದರೂ ಅರಿವು ದಕ್ಕಲಿಲ್ಲ. ಮನೆಗೇ ಮರಳಿಬಿಡೋಣ ಎನಿಸಿತು. ಆಗಲೇ ಬುದ್ಧರು ವೀಣೆಯ ತಂತಿಯ ಹೋಲಿಕೆ ಹೇಳಿದ್ದು. ಅತಿ ಬಿಗಿಯೂ ಬೇಡ, ಅತಿ ಸಡಿಲವೂ ಬೇಡ.

ವೀಣೆಯ ಮಾತು ಎಲ್ಲರಿಗೂ ಗೊತ್ತು. ಮುಂದಿನದನ್ನು ಹೇಳುವವರು ಕಡಿಮೆ. ಬುದ್ಧರು ಸೋಣನಿಗೆ ಒಂದು ಪದರದ ಪಾದರಕ್ಷೆಗೆ ಅನುಮತಿ ಕೊಟ್ಟರು. *ರಕ್ತ ಸುರಿಸುವುದೇ ಸಾಧನೆಯಲ್ಲ.* ಆದರೆ ಅಂದಚೆಂದಕ್ಕಾಗಿ ಬಣ್ಣಬಣ್ಣದ ಕೆರ ಮೆಟ್ಟಿ ಮೆರೆದ ಭಿಕ್ಖುಗಳಿಗೆ ಅದೇ ಅಧ್ಯಾಯದಲ್ಲಿ ತಡೆಯೂ ಇದೆ.

ಇನ್ನೊಂದು ಪ್ರಸಂಗ ನಮ್ಮ ನೆಲದ್ದೇ ಎನಿಸುತ್ತದೆ. ಅವಂತಿ ಸೀಮೆಯಿಂದ ಮಹಾಕಚ್ಚಾನರು ಹೇಳಿ ಕಳಿಸಿದರು: ಇಲ್ಲಿಯದು ಕರಿನೆಲ, ಬಿರುಸು, ದನದ ಗೊರಸು ತುಳಿದು ಒರಟಾಗಿದೆ. ಬುದ್ಧರು ಅಂಥ ಗಡಿನಾಡುಗಳಿಗೆ *ಹಲವು ಪದರದ* ಪಾದರಕ್ಷೆಯನ್ನೇ ಒಪ್ಪಿದರು. ನಿಯಮಕ್ಕಿಂತ ಮೊದಲು ನೆಲವನ್ನೂ ಕಾಲನ್ನೂ ನೋಡಿದರು.

ನೀವೂ ಹಾಗೇ ನೋಡಿರಿ 👇

🔸 ಹಾವೇರಿ ಕಡೆಯ ಎರೆ ಹೊಲದ ಗಾಡಿದಾರಿಯಲ್ಲಿ ಗೊರಸಿನ ಗುಂಡಿಗಳು ಬೇಸಿಗೆಗೆ ಕಲ್ಲಾಗುತ್ತವೆ. ಮೆತ್ತೆ ಬೇಕು, ಆದರೆ ಅತಿ ಎತ್ತರದ ಸೋಲ್ ಇದ್ದರೆ ಕಾಲು ಉಳುಕುವ ಭಯ.
🔸 ಮಳೆಗಾಲದಲ್ಲಿ ಎರೆಮಣ್ಣು ಮೆತ್ತಿಕೊಳ್ಳುತ್ತದೆ. ಅಡಿಯ ಹಲ್ಲುಗಳು ಬಿಡಿಬಿಡಿಯಾಗಿದ್ದರೆ ಮಣ್ಣು ಉದುರುತ್ತದೆ.
🔸 ಸಂಜೆ ಹೊತ್ತು, ಕಾಲು ತುಸು ಊದಿರುವಾಗ, ಓಟದ ಸಾಕ್ಸ್ ಹಾಕಿಯೇ ಅಳತೆ ನೋಡಿರಿ. ಬೆರಳ ಮುಂದೆ ಹೆಬ್ಬೆರಳಗಲ ಜಾಗ ಇರಲಿ.
🔸 ಬಣ್ಣ, ಬ್ರ್ಯಾಂಡು ಕೊನೆಗೆ. ಅಂಗಡಿಯಲ್ಲಿ ನಾಲ್ಕು ಹೆಜ್ಜೆ ಓಡಿ ನೋಡಿ ಕಾಲು ಏನನ್ನುತ್ತದೋ ಕೇಳಿರಿ.

ಬೇಕು ಎಂಬುದೆಲ್ಲ ತೃಷ್ಣೆಯಲ್ಲ. ಕಾಲು ಕೇಳಿದರೆ ಅಗತ್ಯ. ಕಂಡವರು ಹೊಗಳಲೆಂದು ಮನಸ್ಸು ಕೇಳಿದರೆ ತೃಷ್ಣೆ. ಮೇಲಿನವರ ಕೇರಿಯಲ್ಲಿ ಕೆರ ಕಳಚಿ ಕೈಯಲ್ಲಿ ಹಿಡಿದು ನಡೆಯಬೇಕಾಗಿದ್ದ ಜನರ ಮೊಮ್ಮಕ್ಕಳು ನಾವು. ಕಾಲಿಗೊಂದು ಒಳ್ಳೆಯ ಜೋಡು ಕೇಳಲು ನಾಚಬೇಕಿಲ್ಲ.

ಕೊನೆಗೆ ಸೋಣನ ಉತ್ತರ ಕೇಳಿರಿ. ತನಗೊಬ್ಬನಿಗೇ ಆದರೆ ಪಾದರಕ್ಷೆ ಬೇಡ, ಇಡೀ ಸಂಘಕ್ಕೆ ಅನುಮತಿ ಸಿಕ್ಕರೆ ತಾನೂ ಮೆಟ್ಟುವೆ ಎಂದ. ಬುದ್ಧರು ಎಲ್ಲರಿಗೂ ಕೊಟ್ಟರು.

ಮಿತ್ರರೇ, ಮನೆಯಲ್ಲಿ ಧೈರ್ಯವಾಗಿ ಕೇಳಿರಿ, ಒಂದೇ ಜೋಡು ಕೊಳ್ಳಿರಿ. ಬಳಗದವರೇ, ನಮ್ಮೂರ ಮೈದಾನಗಳಲ್ಲಿ ಇವತ್ತಿಗೂ ಬರಿಗಾಲಲ್ಲಿ ಓಡುವ ಮಕ್ಕಳಿದ್ದಾರೆ. ನಮ್ಮ ಎರಡನೇ ಜೋಡಿಗೆ ಮೊದಲು ಅವರ ಮೊದಲನೆಯದು ಬರಲಿ.

*ಇಂದಿನ ಅಭ್ಯಾಸ:* ಮನೆಯ ಹೊಸ್ತಿಲಲ್ಲಿರುವ ಚಪ್ಪಲಿಗಳನ್ನು ಎಣಿಸಿರಿ. ಯಾರ ಕಾಲಿಗೆ ಇಲ್ಲ ಎಂಬುದನ್ನೂ ನೆನೆಯಿರಿ.

ಭವತು ಸಬ್ಬ ಮಂಗಲಂ ☸️