ಯಾವ ಸದ್ದನ್ನು ಅಡಗಿಸಬೇಕು?

ನಮ್ಮ ಬೀದಿಯ ಮನೆಗಳಿಗೆ ಗೋಡೆಗೆ ಗೋಡೆ ಆತುಕೊಂಡಿದೆ. ಕಳೆದ ವರ್ಷ ನಾನು ಕೊಂಡ ಕಾರಿಗೆ ರಿಮೋಟ್ ಕೀ ಇದೆ. ಗುಂಡಿ ಒತ್ತಿದರೆ ಬಾಗಿಲುಗಳು ಲಾಕ್ ಆಗುತ್ತವೆ. ಆದವೆಂದು ತಿಳಿಸಲು ಹಾರನ್ ಒಮ್ಮೆ ಕೂಗುತ್ತದೆ. ಕೆಲಸ ಮುಗಿಸಿ ರಾತ್ರಿ ಹನ್ನೊಂದೂವರೆಗೆ ಮರಳುವ ನನಗೆ ಆ ಕೂಗು ನೆಮ್ಮದಿ ನೀಡುತ್ತಿತ್ತು. ಒಂದು ಸಂಜೆ ಪಕ್ಕದ ಮನೆಯ ಅಜ್ಜಿ ಜಗಲಿಯಿಂದಲೇ ಕೇಳಿದರು: "ಮಗಾ, ನಿನ್ನ ಕಾರು ದಿನಾ ರಾತ್ರಿ ಯಾರನ್ನು ಕರೆಯುತ್ತದೆ? ಒಮ್ಮೆ ಎಚ್ಚರವಾದರೆ ನನಗೆ ಮತ್ತೆ ನಿದ್ರೆಯೇ ಬರುವುದಿಲ್ಲ."

ನಾಚಿಕೆಯಾಯಿತು. ಕಾರಿನ ಕೈಪಿಡಿಯನ್ನು ತೆರೆದು, ಪರದೆಯ ಮೇಲಿನ ಆಯ್ಕೆಗಳಲ್ಲಿ ಹುಡುಕಿ, ಹಾರನ್ ಕೂಗದೆ ದೀಪ ಮಾತ್ರ ಮಿನುಗುವಂತೆ ಮಾಡಿದೆ. ನನ್ನ ಒಂದು ನಿಮಿಷದ ಆಲಸ್ಯಕ್ಕೆ ಆ ವೃದ್ಧೆ ತಿಂಗಳುಗಟ್ಟಲೆ ನಿದ್ರೆಗೆಟ್ಟಿದ್ದರು.

ಆದರೆ ಒಂದು ಸದ್ದು ಅಡಗಿದಾಗ ಉಳಿದವೂ ಕಿರಿಕಿರಿಯೆನಿಸತೊಡಗಿದವು. ಎಂಜಿನ್ ಚಾಲೂ ಇರುವಾಗ ಕೀ ಜೇಬಿನಲ್ಲಿಟ್ಟು ಗೇಟು ತೆರೆಯಲು ಇಳಿದರೆ ಬೀಪ್, ಬೆಲ್ಟ್ ಮರೆತರೆ ಬೀಪ್, 80 ಕಿ.ಮೀ. ವೇಗ ದಾಟಿದರೆ ಬೀಪ್. ಇವೆಲ್ಲವನ್ನೂ ನಿಲ್ಲಿಸಿದರೇನು ಎಂಬ ಆಸೆ ಹುಟ್ಟಿತು. ಅಲ್ಲಿಯೇ ಮನಸ್ಸು ತಡೆಯಿತು.

ಹಿಂದಿನ ಕಾರುಗಳಲ್ಲಿ ಕೀ ಕೈಗೆ ಬಂದಿದೆಯೆಂದರೆ ಎಂಜಿನ್ ನಿಂತಿದೆ ಎಂದೇ ಅರ್ಥ. ಗುಂಡಿ ಒತ್ತಿ ಚಾಲೂ ಮಾಡುವ ಕಾರುಗಳಲ್ಲಿ ಹಾಗಲ್ಲ. ಕೀ ಜೇಬಿನಲ್ಲಿದ್ದರೂ ಎಂಜಿನ್ ಓಡುತ್ತಿರಬಹುದು. ಅಮೆರಿಕದಲ್ಲಿ ಮನೆಗೆ ಹೊಂದಿಕೊಂಡ ಗ್ಯಾರೇಜುಗಳಲ್ಲಿ ಹೀಗೆ ಮರೆತು ಒಳನಡೆದವರಲ್ಲಿ, ವಾಸನೆಯೂ ಬಣ್ಣವೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಅನಿಲದಿಂದ ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರೆಂಬುದು 2018ರಲ್ಲಿ ದೊಡ್ಡ ಸುದ್ದಿಯಾಯಿತು. ಬರೀ ಬೀಪ್ ಸದ್ದು ಅವರನ್ನು ಉಳಿಸಲು ಸಾಲದಾಗಿತ್ತು. ಅದೂ ಇಲ್ಲದಿದ್ದರೆ ಗತಿಯೇನು?

ನಮ್ಮ ದೇಶದಲ್ಲಿ 2019ರ ಜುಲೈ 1ರಿಂದ ಹೊಸ ಕಾರುಗಳಿಗೆ ಬೆಲ್ಟ್ ಮತ್ತು ವೇಗದ ಎಚ್ಚರಿಕೆ ಕಡ್ಡಾಯವಾಯಿತು. ಆದರೆ ಬೆಲ್ಟಿನ ಬೀಪ್ ಅಡಗಿಸಲೆಂದೇ ಲೋಹದ ಕ್ಲಿಪ್ಪುಗಳು ಮಾರಾಟವಾದವು. 2022ರ ಸೆಪ್ಟೆಂಬರ್ 4ರಂದು ಉದ್ಯಮಿ ಸೈರಸ್ ಮಿಸ್ತ್ರಿ ಮಹಾರಾಷ್ಟ್ರದ ಪಾಲ್ಘರ್ ಜಿಲ್ಲೆಯಲ್ಲಿ ಅಪಘಾತದಲ್ಲಿ ಮಡಿದರು. ಹಿಂದಿನ ಆಸನದಲ್ಲಿದ್ದ ಅವರು ಬೆಲ್ಟ್ ಧರಿಸಿರಲಿಲ್ಲವೆಂದು ಪೊಲೀಸರು ಹೇಳಿದರು. ಆ ಬಳಿಕ ದೇಶದ ಗಮನ ಇತ್ತ ಹರಿಯಿತು. 2023ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು ಐದು ಆನ್‌ಲೈನ್ ಮಾರಾಟ ಸಂಸ್ಥೆಗಳಿಗೆ ಆದೇಶ ನೀಡಿತು. 13,118 ಕ್ಲಿಪ್ ಜಾಹೀರಾತುಗಳನ್ನು ತೆಗೆಸಲಾಯಿತು. ಹಣ ಕೊಟ್ಟು ಎಚ್ಚರಿಕೆಯ ಬಾಯಿ ಮುಚ್ಚಿಸುವಷ್ಟು ನಾವು ಜಾಣರಾಗಿದ್ದೆವು!

ಹಾಗಾದರೆ ಸದ್ದಡಗಿಸುವುದು ಸರಿಯೇ, ತಪ್ಪೇ? ಒಂದೇ ಕ್ರಿಯೆ ಒಂದೆಡೆ ಕನಿಕರ, ಇನ್ನೊಂದೆಡೆ ಉದಾಸೀನ. ಆ ಸದ್ದು ಯಾರ ಹಿತಕ್ಕಾಗಿ ಇದೆ, ಅದು ನಿಂತರೆ ಬೆಲೆ ತೆರುವವರು ಯಾರು ಎಂದು ಕೇಳಿಕೊಂಡರೆ ಉತ್ತರ ಸಿಗುತ್ತದೆ. ನನ್ನ ನೆಮ್ಮದಿಗೆ ಪರರ ನಿದ್ರೆ ಕೆಡಿಸುವ ಸದ್ದು ಅಡಗಲಿ. ಜೀವ ಕಾಯುವ ಸದ್ದು ಎಷ್ಟೇ ಕಿರಿಕಿರಿಯಾದರೂ ಉಳಿಯಲಿ.

ಮೂರನೆಯ ಬಗೆಯೂ ಇದೆ. ಕೀಯೊಳಗಿನ ಬ್ಯಾಟರಿ ಕುಂದಿದಾಗಲೂ ಕಾರು ಎಚ್ಚರಿಸುತ್ತದೆ. ಅದನ್ನು ಅಡಗಿಸಬೇಕಿಲ್ಲ, ಸಹಿಸಬೇಕಿಲ್ಲ. ನಾಣ್ಯದಾಕಾರದ ಹೊಸ ಬ್ಯಾಟರಿ ಹಾಕಿದರೆ ಸದ್ದು ತಾನಾಗಿ ನಿಲ್ಲುತ್ತದೆ.

ಮನೆಯಲ್ಲೂ ಇಂಥ ಸದ್ದುಗಳಿವೆ. "ಕುಡಿಯುವುದು ಹೆಚ್ಚಾಯಿತು" ಎಂಬ ಪತ್ನಿಯ ಮಾತು, "ವೈದ್ಯರಿಗೆ ತೋರಿಸಿ ಅಪ್ಪಾ" ಎಂಬ ಮಗಳ ಒತ್ತಾಯ, ನಡುರಾತ್ರಿ ಒಳಗಿನಿಂದ ಕೇಳುವ ಮನಸ್ಸಾಕ್ಷಿಯ ಸ್ವರ. ಪದೇ ಪದೇ ಕೇಳಿಸುತ್ತದೆಂಬ ಕಾರಣಕ್ಕೆ ಮಾತು ಸುಳ್ಳಾಗುವುದಿಲ್ಲ. ಹಲವು ಸಲ, ನಾವು ಇನ್ನೂ ಏನೂ ಮಾಡಿಲ್ಲವೆಂಬುದಷ್ಟೇ ಅದರ ಅರ್ಥ.

ಈಗ ನನ್ನ ಕಾರು ರಾತ್ರಿ ಮೌನವಾಗಿ ದೀಪ ಮಿನುಗಿಸುತ್ತದೆ. ಗೇಟು ತೆರೆಯಲು ಇಳಿದಾಗಿನ ಬೀಪ್ ಮಾತ್ರ ಹಾಗೆಯೇ ಇದೆ. ಇರಲಿ ಎಂದು ಬಿಟ್ಟಿದ್ದೇನೆ.