ಸ್ವಾತಂತ್ರ್ಯವನ್ನು ಕೊಟ್ಟು ಸಮಾಧಾನವನ್ನು ಕೊಳ್ಳಬಹುದೋ?

ಔಗುಸ್ತನೆಂಬ ಚಕ್ರವರ್ತಿಯ ಹೆಸರು ನಮ್ಮ ಸಭೆಗಳಲ್ಲಿ ಚಿಕ್ಕ ಮಕ್ಕಳಿಗೂ ತಿಳಿದದ್ದೇ. ಲೂಕನ ಸುವಾರ್ತೆಯಲ್ಲಿ ಖಾನೇಷುಮಾರಿಯ ಆಜ್ಞೆಯನ್ನು ಹೊರಡಿಸಿದವನು ಅವನೇ. ಅವನ ತರುವಾಯ ಬಂದ ತಿಬೇರಿಯನ ಕಾಲದಲ್ಲಿ ಪಿಲಾತನು ಯೂದಾಯದ ಅಧಿಪತಿಯಾಗಿದ್ದನು. ಈ ಮಾತುಗಳನ್ನು ವರುಷ ವರುಷವೂ ಕೇಳುತ್ತಾ ಬಂದಿರುವ ನಮಗೆ, ರೋಮಾಪುರವು ಮೊದಲಿನಿಂದಲೂ ಚಕ್ರವರ್ತಿಗಳ ಪಟ್ಟಣವಾಗಿತ್ತೆಂದು ತೋರುವದು ಸಹಜ. ಸಂಗತಿಯು ಹಾಗಲ್ಲ. ಔಗುಸ್ತನಿಗಿಂತ ಮುಂಚೆ ಸುಮಾರು 480 ವರುಷಗಳ ತನಕ ಆ ಪಟ್ಟಣದವರಿಗೆ ಅರಸನೇ ಇರಲಿಲ್ಲ. ಅರಸ ಎಂಬ ಶಬ್ದವು ಅವರಲ್ಲಿ ಬೈಗುಳಕ್ಕೆ ಸಮಾನವಾಗಿತ್ತು. ಅಂಥವರು ಒಬ್ಬ ಮನುಷ್ಯನ ಕೈಕೆಳಗೆ ಬಂದದ್ದು ಹೇಗೆ? ಹೊರಗಿನ ಶತ್ರುವು ಅವರನ್ನು ಜಯಿಸಿದ್ದರಿಂದಲ್ಲ. ತಾವಾಗಿಯೇ ಕೊಟ್ಟರು, ತಕ್ಕೊಳ್ಳೆಂದು ಬೇಡಿಕೊಂಡೂ ಕೊಟ್ಟರು. ಹೀಗೆ ಕೊಡುವದು ಯುಕ್ತವೋ ಅಯುಕ್ತವೋ ಎಂಬ ಪ್ರಶ್ನೆಯನ್ನು ತುಸು ವಿಚಾರಿಸೋಣ.

ಅವರ ಪೂರ್ವಿಕ ಪದ್ಧತಿಯನ್ನು ಮೊದಲು ತಿಳಿಯಬೇಕು. ಕ್ರಿ. ಪೂ. 509ರಲ್ಲಿ ತರ್ಕ್ವಿನನೆಂಬ ಗರ್ವಿಷ್ಠನಾದ ಅರಸನನ್ನು ಓಡಿಸಿಬಿಟ್ಟರೆಂದು ಅವರ ಚರಿತ್ರೆಗಾರರು ಬರೆದಿದ್ದಾರೆ. ತರುವಾಯ ಅರಸನ ಅಧಿಕಾರವನ್ನು ಒಬ್ಬನಿಗೆ ಒಪ್ಪಿಸದೆ, ಕೊನ್ಸಲರೆಂಬ ಇಬ್ಬರಿಗೆ ಹಂಚಿ, ಒಂದೇ ವರುಷದ ಮಟ್ಟಿಗೆ ಅವರನ್ನು ನೇಮಿಸುತ್ತಿದ್ದರು. ಒಬ್ಬನು ಮಾಡಬೇಕೆಂದದ್ದನ್ನು ಇನ್ನೊಬ್ಬನು ಬೇಡವೆಂದರೆ ಅದು ಅಲ್ಲಿಗೇ ನಿಂತುಹೋಗುವದು. ವರುಷ ತೀರಿದ ಮೇಲೆ ಇಬ್ಬರೂ ಸಾಮಾನ್ಯ ಪ್ರಜೆಗಳೇ. ಸೆನೆಟ್ ಎಂಬ ಹಿರಿಯರ ಸಭೆಯು ಆಲೋಚನೆ ಹೇಳುವದು. ಕಾಯಿದೆಗೆ ಒಪ್ಪಿಗೆ ಕೊಡುವದು ಜನರ ಕೂಟ. ಬಡವರ ಪಕ್ಷವಾಗಿ ಜನರಕ್ಷಕರೆಂಬ ಹತ್ತು ಮಂದಿ ಇದ್ದರು. ಅವರಲ್ಲಿ ಒಬ್ಬನು ಎದ್ದು ‘ಕೂಡದು’ ಎಂದರೆ ಕೊನ್ಸಲನ ಆಜ್ಞೆಯೂ ನಡೆಯದು. ಬಹಳ ಗಂಡಾಂತರವಾದಾಗ ಮಾತ್ರ ಒಬ್ಬನನ್ನು ಸರ್ವಾಧಿಕಾರಿಯನ್ನಾಗಿ ಮಾಡುವರು. ಅದಕ್ಕೂ ಆರು ತಿಂಗಳ ಅವಧಿ. ಕ್ರಿ. ಪೂ. 458ರಲ್ಲಿ ಸಿನ್ಸಿನಾತನೆಂಬವನನ್ನು ಹೊಲ ಉಳುತ್ತಿದ್ದಲ್ಲಿಂದಲೇ ಕರೆದು ಈ ಪದವಿಯಲ್ಲಿಟ್ಟರಂತೆ. ಅವನು ಶತ್ರುಗಳನ್ನು ಸೋಲಿಸಿ, ಹದಿನಾರನೆಯ ದಿನವೇ ಅಧಿಕಾರವನ್ನು ಬಿಟ್ಟುಕೊಟ್ಟು ತನ್ನ ನೇಗಿಲಿಗೆ ಹಿಂದಿರುಗಿದನಂತೆ. ಇದರಲ್ಲಿ ಕಥೆ ಎಷ್ಟು, ನಿಜ ಎಷ್ಟು ಎಂಬ ವಾದವು ಹಾಗಿರಲಿ. ಇಂಥ ಕಥೆಯನ್ನು ತಲತಲಾಂತರದಿಂದ ಮಕ್ಕಳಿಗೆ ಹೇಳಿಕೊಂಡು ಬಂದ ಜನರು ಯಾವ ಗುಣವನ್ನು ಮೆಚ್ಚುತ್ತಿದ್ದರೆಂಬದು ಅದರಿಂದ ಸ್ಪಷ್ಟವಾಗುತ್ತದೆ.

ಈ ಪದ್ಧತಿಯು ಕೆಡುವದಕ್ಕೆ ಆರಂಭವಾದದ್ದು ರೈತನ ಹೊಲದಲ್ಲಿಯೇ. ರೋಮಾಪುರದ ದಂಡಿನಲ್ಲಿ ಸಂಬಳದಾಳುಗಳಿರಲಿಲ್ಲ. ಸ್ವಂತ ಭೂಮಿಯುಳ್ಳ ರೈತರೇ ಆಯುಧ ಹಿಡಿದು ಹೋಗಿ, ಯುದ್ಧ ತೀರಿದ ಮೇಲೆ ಸುಗ್ಗಿಗೆ ಮನೆಗೆ ಬರುತ್ತಿದ್ದರು. ಯುದ್ಧಗಳು ಸಮುದ್ರದಾಚೆಗೆ ಹಬ್ಬಿದಾಗ ಅವರು ವರುಷಗಟ್ಟಲೆ ಹೊರಗಿರಬೇಕಾಯಿತು. ಕ್ರಿ. ಪೂ. 146ರಲ್ಲಿ ಕಾರ್ಥೇಜ್ ಪಟ್ಟಣವನ್ನೂ ಕೊರಿಂಥವನ್ನೂ ಒಂದೇ ವರುಷದಲ್ಲಿ ನೆಲಸಮ ಮಾಡಿದರು. ಗೆದ್ದು ಬಂದ ರೈತನಾದರೋ ತನ್ನ ಹೊಲವು ಬೀಳುಬಿದ್ದದ್ದನ್ನೂ ಸಾಲವು ಬೆಳೆದದ್ದನ್ನೂ ಕಂಡನು. ಅನೇಕರ ನೆಲವು ನೆರೆಯ ಧನಿಕನ ಹೊಲದೊಳಗೆ ಸೇರಿಹೋಗಿತ್ತು, ಅದರಲ್ಲಿ ಸೆರೆಹಿಡಿದು ತಂದ ಗುಲಾಮರು ದುಡಿಯುತ್ತಿದ್ದರು. ಎಲ್ಲಾ ಸೀಮೆಗಳಲ್ಲಿಯೂ ಒಂದೇ ಪ್ರಕಾರ ನಡೆಯಲಿಲ್ಲವೆಂದು ಈಗಿನ ಪಂಡಿತರು ಹೇಳುತ್ತಾರೆ. ಆದರೂ ನೆಲವಿಲ್ಲದವರು ಪಟ್ಟಣದಲ್ಲಿ ಬಂದು ತುಂಬಿಕೊಂಡರೆಂಬದು ಸಂದೇಹವಿಲ್ಲದ ಮಾತು.

ಕ್ರಿ. ಪೂ. 133ರಲ್ಲಿ ತಿಬೇರಿಯ ಗ್ರಾಕ್ಕನೆಂಬ ಜನರಕ್ಷಕನು ಇದಕ್ಕೆ ಒಂದು ಪರಿಹಾರವನ್ನು ಮುಂದಿಟ್ಟನು. ಸರಕಾರದ ಭೂಮಿಯಲ್ಲಿ ಸುಮಾರು 300 ಎಕರೆಗಿಂತ ಹೆಚ್ಚನ್ನು ಹಿಡಿದುಕೊಂಡವರು ಆ ಹೆಚ್ಚಿನ ಪಾಲನ್ನು ಬಿಡಬೇಕು, ಅದನ್ನು ಬಡವರಿಗೆ ಹಂಚಬೇಕು ಎಂಬದೇ ಅವನ ಕಾಯಿದೆ. ನ್ಯಾಯವಾದ ಕೆಲಸವೆಂದೇ ನಾವು ಹೇಳುವೆವು. ಆದರೆ ಒಕ್ತಾವ್ಯನೆಂಬ ಜತೆ ಜನರಕ್ಷಕನು ‘ಕೂಡದು’ ಎಂದನು. ಹಳೇ ಪದ್ಧತಿಯ ಪ್ರಕಾರ ಅಲ್ಲಿಗೆ ಸಂಗತಿಯು ನಿಲ್ಲಬೇಕಾಗಿತ್ತು. ತಿಬೇರಿಯನು ನಿಲ್ಲದೆ, ಜನರ ಕೂಟದಿಂದ ಆ ಒಕ್ತಾವ್ಯನನ್ನೇ ಪದವಿಯಿಂದ ತೆಗೆಯಿಸಿಬಿಟ್ಟನು. ಹಿಂದೆ ಎಂದೂ ಹಾಗೆ ನಡೆದಿರಲಿಲ್ಲ. ಒಳ್ಳೇ ಕಾರ್ಯಕ್ಕಾಗಿಯೇ ಮೊದಲನೆಯ ಬೇಲಿಯು ಮುರಿಯಿತು. ಅದಕ್ಕೆ ಸೆನೆಟಿನವರು ಕೊಟ್ಟ ಉತ್ತರವು ಎಷ್ಟೋ ಪಾಲು ಹೆಚ್ಚು ಕೆಟ್ಟದ್ದು. ಮಾರನೆಯ ವರುಷಕ್ಕೂ ಅವನು ಅದೇ ಪದವಿಯನ್ನು ಅಪೇಕ್ಷಿಸಿದಾಗ, ಆ ದೊಡ್ಡ ಮನುಷ್ಯರು ಬಡಿಗೆಗಳನ್ನೂ ಮುರಿದ ಪೀಠಗಳ ಕಾಲುಗಳನ್ನೂ ಹಿಡುಕೊಂಡು ಬಂದು, ಅವನನ್ನೂ ಅವನ ಕಡೆಯವರಲ್ಲಿ 300 ಮಂದಿಯನ್ನೂ ಹೊಡೆದು ಕೊಂದು, ಹೆಣಗಳನ್ನು ತಿಬೆರ್ ನದಿಗೆ ಎಸೆದರು. ಹನ್ನೆರಡು ವರುಷಗಳಾದ ಮೇಲೆ ಅವನ ತಮ್ಮನಾದ ಗಾಯನಿಗೂ ಅದೇ ಗತಿಯಾಯಿತು. ಆ ಸಾರಿ ಸತ್ತವರು 3,000 ಮಂದಿಯೆಂದು ಪ್ಲುತಾರ್ಕನು ಬರೆದಿದ್ದಾನೆ. ಆ ಕೊಲೆಯನ್ನು ನಡಿಸಿದ ಕೊನ್ಸಲನು ತರುವಾಯ ಐಕ್ಯಮತ್ಯದೇವಿಗೆ ಗುಡಿಯನ್ನು ಕಟ್ಟಿಸಿದನಂತೆ! ಕೊಂದವರು ಐಕ್ಯಮತ್ಯದ ಹೆಸರನ್ನು ಎತ್ತುವದು ಆ ಪಟ್ಟಣದಲ್ಲಿ ಮಾತ್ರ ಕಂಡ ಸಂಗತಿಯಲ್ಲ.

ಮುಂದಿನದನ್ನು ಬೇಗನೆ ಹೇಳಿ ಮುಗಿಸಬಹುದು. ಕ್ರಿ. ಪೂ. 107ರಲ್ಲಿ ಮಾರಿಯನು ನೆಲವಿಲ್ಲದವರನ್ನು ದಂಡಿಗೆ ಸೇರಿಸಿದನು. ದಂಡಾಳುಗಳು ತಮಗೆ ಭೂಮಿ ಕೊಡಿಸುವ ದಳಪತಿಯ ಕಡೆಗೆ ನೋಡಿದರೇ ಹೊರತು ಸೆನೆಟಿನ ಕಡೆಗೆ ನೋಡಲಿಲ್ಲ. 88ರಲ್ಲಿ ಸುಲ್ಲನು ಸ್ವಂತ ಪಟ್ಟಣದ ಮೇಲೆಯೇ ದಂಡೆತ್ತಿ ಬಂದನು. ಅವನ ಸರದಾರರಲ್ಲಿ ಒಬ್ಬನ ಹೊರತು ಎಲ್ಲರೂ ಅವನನ್ನು ಬಿಟ್ಟುಹೋದರೆಂಬದನ್ನು ನಾವು ಮರೆಯಬಾರದು. ಸಾಮಾನ್ಯ ದಂಡಾಳುಗಳು ಮಾತ್ರ ಬಿಡಲಿಲ್ಲ. 49ರಲ್ಲಿ ಯೂಲಿಯ ಕೈಸರನು ರೂಬಿಕೋನ್ ಎಂಬ ಹೊಳೆಯನ್ನು ದಾಟಿ ಅದೇ ದಾರಿಯನ್ನು ಹಿಡಿದನು. 44ರಲ್ಲಿ ಜೀವಾವಧಿ ಸರ್ವಾಧಿಕಾರಿಯಾದನು. ಅದೇ ವರುಷದ ಮಾರ್ಚ್ 15ರಲ್ಲಿ ಬ್ರೂತನೂ ಅವನ ಜತೆಗಾರರೂ ಸ್ವಾತಂತ್ರ್ಯದ ಹೆಸರಿನಲ್ಲಿ ಅವನನ್ನು ತಿವಿದು ಕೊಂದರು. ಸ್ವಾತಂತ್ರ್ಯವು ಬರಲಿಲ್ಲ. ಮಾರನೆಯ ವರುಷ ಅಂತೋನ್ಯನೂ ಲೇಪಿದನೂ ಕೈಸರನ ದತ್ತುಪುತ್ರನಾದ ಒಕ್ತಾವ್ಯಾನನೂ ಕೂಡಿ ಕೊಲ್ಲತಕ್ಕವರ ಪಟ್ಟಿಯನ್ನು ಬರೆದರು. ಈ ಒಕ್ತಾವ್ಯಾನನನ್ನು ಮೇಲಕ್ಕೆ ತಂದ ವೃದ್ಧ ವಾಗ್ಮಿಯಾದ ಸಿಸೆರೋ ಎಂಬವನ ಹೆಸರೂ ಅದರಲ್ಲಿತ್ತು. ಅವನ ತಲೆಯನ್ನೂ ಕೈಯನ್ನೂ ಕತ್ತರಿಸಿ, ಅವನು ಜನರಿಗೆ ಮಾತಾಡುತ್ತಿದ್ದ ವೇದಿಕೆಯ ಮೇಲೆ ತೂಗಹಾಕಿದರು. ಈ ಒಕ್ತಾವ್ಯಾನನೇ 31ರಲ್ಲಿ ಅಂತೋನ್ಯನನ್ನು ಸೋಲಿಸಿ, 27ರಲ್ಲಿ ಔಗುಸ್ತನೆಂಬ ಬಿರುದನ್ನು ಪಡೆದವನು.

ಇಲ್ಲಿ ಒಂದು ವಿಚಿತ್ರವುಂಟು. ಅವನು ತನ್ನನ್ನು ಅರಸನೆಂದು ಕರೆಸಿಕೊಳ್ಳಲಿಲ್ಲ. ಪ್ರಜಾರಾಜ್ಯವನ್ನು ಸೆನೆಟಿಗೂ ಜನರಿಗೂ ಹಿಂದಕ್ಕೆ ಒಪ್ಪಿಸಿದ್ದೇನೆಂದು ಹೇಳಿದನು. ವರುಷ ವರುಷವೂ ಕೊನ್ಸಲರ ಆಯ್ಕೆ ಆಯಿತು, ಸೆನೆಟ್ ಕೂಡಿತು, ಜನರಕ್ಷಕರು ಇದ್ದರು. ದಂಡು ಹೆಚ್ಚಾಗಿರುವ ಸೀಮೆಗಳು ಮಾತ್ರ ಅವನ ಕೈಯಲ್ಲಿ, ಕ್ರಿ. ಪೂ. 23ರಿಂದ ಜನರಕ್ಷಕರ ಅಧಿಕಾರವೂ ಅವನಿಗೆ ಜೀವಾವಧಿ. ಅಧಿಕಾರದಲ್ಲಿ ತಾನು ಜತೆ ಅಧಿಕಾರಿಗಳಿಗಿಂತ ಹೆಚ್ಚಿನವನಲ್ಲವೆಂದು ಅವನು ಬರೆಯಿಸಿದ ಶಾಸನವು ತುರ್ಕಿ ದೇಶದ ಅಂಕಾರಾ ಪಟ್ಟಣದಲ್ಲಿ ಒಂದು ದೇವಾಲಯದ ಗೋಡೆಯ ಮೇಲೆ ಇಂದಿಗೂ ಉಂಟು. ಮನೆಯ ಬಾಗಿಲು, ಕಂಬ, ಜಗಲಿ ಎಲ್ಲವೂ ಮೊದಲಿನಂತೆಯೇ. ಕೀಲಿಕೈ ಮಾತ್ರ ಒಬ್ಬನ ಸೊಂಟದಲ್ಲಿ.

ಜನರು ಇದನ್ನು ತಿಳಿಯದೆ ಮೋಸಹೋದರೋ? ಹಾಗೆನ್ನಲು ನಮಗೆ ಮನಸ್ಸಿಲ್ಲ. ಕ್ರಿ. ಪೂ. 22ರಲ್ಲಿ ನದಿಯು ಉಕ್ಕಿ, ವ್ಯಾಧಿಯೂ ಬರಗಾಲವೂ ಉಂಟಾದಾಗ ಏನು ನಡೆಯಿತೆಂದು ನೋಡಿರಿ. ಔಗುಸ್ತನು ಆ ವರುಷ ಕೊನ್ಸಲನಾಗಿರದ ಕಾರಣದಿಂದಲೇ ಈ ಕೇಡು ಬಂತೆಂದು ಜನರು ಕೂಗಿ, ಸೆನೆಟಿನವರನ್ನು ಸಭಾಮಂದಿರದೊಳಗೆ ಕೂಡಿಹಾಕಿ, ಅವನನ್ನು ಸರ್ವಾಧಿಕಾರಿಯನ್ನಾಗಿ ನೇಮಿಸದಿದ್ದರೆ ಮಂದಿರಕ್ಕೆ ಬೆಂಕಿ ಇಡುವೆವೆಂದು ಬೆದರಿಸಿದರು. ಬಳಿಕ ಅಧಿಕಾರಚಿಹ್ನೆಯಾದ ಕೋಲುಕಟ್ಟುಗಳನ್ನು ಹೊತ್ತು ಅವನ ಬಳಿಗೆ ಹೋದರು. ಅವನು ಧಾನ್ಯ ಒದಗಿಸುವ ಕೆಲಸವನ್ನು ಒಪ್ಪಿಕೊಂಡನು. ಸರ್ವಾಧಿಕಾರವು ಬೇಡವೆಂದು ಮೊಣಕಾಲೂರಿ, ಎದೆಯ ಮೇಲಿನ ವಸ್ತ್ರವನ್ನು ಸರಿಸಿ ಬೇಡಿಕೊಂಡನೆಂದು ಅವನ ಚರಿತ್ರೆಯನ್ನು ಬರೆದ ಸುವೆತೋನ್ಯನು ಹೇಳುತ್ತಾನೆ. ಒಡೆಯನು ಬೇಡವೆನ್ನುತ್ತಾನೆ, ಆಳುಗಳು ಆಗೆಂದು ಕಾಡುತ್ತಾರೆ! ಸಮುವೇಲನ ಮುಂದೆ ಅರಸನನ್ನು ಕೇಳಿದ ಇಸ್ರಾಯೇಲ್ಯರು ಇಲ್ಲಿ ನೆನಪಿಗೆ ಬಾರದೆ ಇರುವದಿಲ್ಲ.

ಆ ಜನರನ್ನು ತಟ್ಟನೆ ನಿಂದಿಸಬೇಡಿರಿ. ನೂರು ವರುಷಗಳ ಕಲಹದಲ್ಲಿ ತಂದೆಯನ್ನೂ ಮಗನನ್ನೂ ನೆಲವನ್ನೂ ಕಳಕೊಂಡವರಿಗೆ ಬೇಕಾದದ್ದು ರೊಟ್ಟಿ ಮತ್ತು ನಿದ್ರೆ. ಔಗುಸ್ತನು ಎರಡನ್ನೂ ಕೊಟ್ಟನು. ಅರುವತ್ತರಷ್ಟಿದ್ದ ದಂಡಿನ ದಳಗಳನ್ನು 28ಕ್ಕೆ ಇಳಿಸಿದನು. ಸಮುದ್ರದ ದಾರಿಯು ನಿರ್ಭಯವಾಗಿ, ಐಗುಪ್ತದ ಮಾರ್ಗದಿಂದ ನಮ್ಮ ದೇಶದೊಡನೆಯೂ ವ್ಯಾಪಾರ ಬೆಳೆಯಿತು. ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ ಅವನ ಮತ್ತು ತಿಬೇರಿಯನ ಮುದ್ರೆಯುಳ್ಳ ಬೆಳ್ಳಿಯ ನಾಣ್ಯಗಳು ಸಿಕ್ಕಿವೆ.

ಇದಲ್ಲದೆ, ಆ ಹಳೇ ಸ್ವಾತಂತ್ರ್ಯವು ಯಾರದಾಗಿತ್ತೆಂಬದನ್ನೂ ಕೇಳಬೇಕು. ಕ್ರಿ. ಪೂ. 167ರಿಂದ ರೋಮಾಪುರದ ಪ್ರಜೆಗಳು ಭೂಕಂದಾಯವನ್ನು ಕೊಡಲಿಲ್ಲ. ಗೆದ್ದ ಸೀಮೆಗಳವರು ಅವರಿಗೋಸ್ಕರ ಕೊಟ್ಟರು. ವರುಷಕ್ಕೊಬ್ಬ ಹೊಸ ಅಧಿಪತಿಯು ಬಂದು ಸುಲುಕೊಂಡು ಹೋಗುವನು. ಸ್ವಾತಂತ್ರ್ಯಪ್ರಿಯನೆಂದು ಹೆಸರಾದ ಆ ಬ್ರೂತನ ಸಂಗತಿಯನ್ನೇ ಕೇಳಿರಿ. ಕುಪ್ರದ್ವೀಪದ ಸಲಮೀಸಿನವರಿಗೆ, ಅಂದರೆ ಮುಂದೆ ಬಾರ್ನಬನೂ ಸೌಲನೂ ವಾಕ್ಯವನ್ನು ಸಾರಿದ ಆ ಊರಿನವರಿಗೆ, ಅವನು ಬೇರೆಯವರ ಹೆಸರಿನಲ್ಲಿ ಸಾಲ ಕೊಟ್ಟಿದ್ದನು. ಬಡ್ಡಿಯು ವರುಷಕ್ಕೆ ನೂರಕ್ಕೆ 48. ನಮ್ಮ ಹಳ್ಳಿಗಳಲ್ಲಿ ಬಡ್ಡಿಯ ಸಾಹುಕಾರನ ಜಗಲಿಯ ಮೇಲೆ ಕೂತು ಕಾದವರಿಗೆ ಆ ಲೆಕ್ಕವನ್ನು ವಿವರಿಸಬೇಕಾಗಿಲ್ಲ. ಸಾಲ ವಸೂಲಿಗಾಗಿ ಬ್ರೂತನ ಏಜೆಂಟನು ಕುದುರೆದಂಡನ್ನು ತಂದು ಊರಿನ ಹಿರಿಯರನ್ನು ಸಭಾಮಂದಿರದೊಳಗೆ ಮುತ್ತಿಗೆ ಹಾಕಿದ್ದರಿಂದ ಐದು ಮಂದಿ ಹಸಿವೆಯಿಂದ ಸತ್ತರು. ಕ್ರಿ. ಪೂ. 51ರಲ್ಲಿ ಕಿಲಿಕ್ಯಕ್ಕೆ ಅಧಿಪತಿಯಾಗಿ ಬಂದ ಸಿಸೆರೋವನು ದಂಡನ್ನು ಹಿಂದಕ್ಕೆ ಕರಿಸಿ, ಬಡ್ಡಿಯನ್ನು ನೂರಕ್ಕೆ 12ಕ್ಕೆ ಇಳಿಸಿದನಾದರೂ, ಬ್ರೂತನ ದಾಕ್ಷಿಣ್ಯಕ್ಕಾಗಿ ವ್ಯಾಜ್ಯವನ್ನು ತೀರಿಸದೆ ಬಿಟ್ಟುಹೋದನು. ಇದನ್ನೆಲ್ಲಾ ಅವನ ಸ್ವಂತ ಕಾಗದಗಳಿಂದಲೇ ತಿಳಿದಿದ್ದೇವೆ. ಆ ಸಲಮೀಸಿನ ಹಿರಿಯರ ಮಕ್ಕಳಿಗೆ ಪ್ರಜಾರಾಜ್ಯವು ಹೋಯಿತೆಂಬ ಸುದ್ದಿಯು ದುಃಖವಾರ್ತೆಯಾಗಿ ಕೇಳಿತೋ? ಚಕ್ರವರ್ತಿಯು ಒಬ್ಬನಾದರೆ ಸುಲಿಯುವವನೂ ಒಬ್ಬನೇ ಎಂದು ಅವರು ಅಂದುಕೊಂಡಿದ್ದರೆ ನಾವು ತಪ್ಪೆನ್ನಲಾರೆವು.

ಹಾಗಾದರೆ ಕೊಟ್ಟದ್ದು ಸರಿಯೇ ಎಂದು ಕೆಲವರು ಕೇಳುವರು. ನಾವು ಹಾಗೆ ತಿಳಿಯುವದಿಲ್ಲ. ಕಾರಣವು ಇದು: ಹಿರಿಯರಿಂದ ಬಂದ ಹೊಲವನ್ನು ತಂದೆಯು ತನ್ನ ಸಾಲಕ್ಕಾಗಿ ಮಾರಿಬಿಟ್ಟರೆ, ಅವನ ಕಷ್ಟವು ಎಷ್ಟೇ ನಿಜವಾಗಿದ್ದರೂ, ಮಕ್ಕಳು ತಮ್ಮ ಪಾಲು ಎಲ್ಲಿ ಎಂದು ಕೇಳುವ ಹಕ್ಕುಳ್ಳವರು. ನಾಬೋತನು ಅರಸನಿಗೆ ಕೊಟ್ಟ ಉತ್ತರದಲ್ಲಿ ಇರುವದೂ ಇದೇ ನ್ಯಾಯ. ಔಗುಸ್ತನ ಕಾಲದ ಜನರು ಔಗುಸ್ತನನ್ನು ಮಾತ್ರ ಆರಿಸಿಕೊಂಡೆವೆಂದು ತಿಳಿದರು. ಅವನು ವಿವೇಕಿ, ಮಿತವ್ಯಯಿ, ದೀರ್ಘಾಯುಷ್ಯವುಳ್ಳವನು; ಅವನ ಕೈಯಲ್ಲಿ ಅಧಿಕಾರವು ಹಗುರವಾಗಿತ್ತು. ಆದರೆ ಅವರು ಕೊಟ್ಟದ್ದು ಅವನ ಸಂಗಡ ಹೂಣಲ್ಪಡಲಿಲ್ಲ. ಅದು ಕಲಿಗುಲನಿಗೂ ನೆರೋವನಿಗೂ ಹೋಯಿತು, ಮತ್ತು ಅವರನ್ನು ಬೇಡವೆನ್ನಲು ಕತ್ತಿಯ ಹೊರತು ಬೇರೆ ಸಾಧನವು ಉಳಿದಿರಲಿಲ್ಲ. ಹಳೇ ಪದ್ಧತಿಯಲ್ಲಿ ಕೆಟ್ಟ ಕೊನ್ಸಲನು ವರುಷ ತೀರುತ್ತಲೇ ಮನೆಗೆ ಹೋಗುತ್ತಿದ್ದನು. ಆ ಒಂದು ವರುಷವೇ ಅವರ ಸ್ವಾತಂತ್ರ್ಯದ ತಿರುಳು. ಅದನ್ನು ಬಿಟ್ಟರು, ಸಿಪ್ಪೆಯನ್ನು ಇಟ್ಟುಕೊಂಡರು.

ತಪ್ಪಿನ ಹೆಚ್ಚಿನ ಪಾಲನ್ನು ಆ ಹಸಿದ ಜನರ ಮೇಲೆ ಹೊರಿಸುವದೂ ನಮಗೆ ಸಮ್ಮತವಲ್ಲ. ಭೂಮಿಯನ್ನು ಹಂಚಿಕೊಡಬಹುದಾಗಿದ್ದ ಕಾಲದಲ್ಲಿ ಪೀಠದ ಕಾಲುಗಳನ್ನು ಎತ್ತಿದವರೇ ಮೊದಲನೆಯ ಸಾಲಗಾರರು. ಕಾಯಿದೆಯು ತಮ್ಮ ಹೊಲಕ್ಕೆ ಕಾವಲಾಗಿರುವ ತನಕ ಅದು ಪವಿತ್ರವೆಂದು ಹೇಳಿ, ಬಡವನು ಅದೇ ಕಾಯಿದೆಯಿಂದ ಕೇಳಿದಾಗ ಕೊಂದರು. ಕಾಯಿದೆಯಿಂದ ಏನೂ ದೊರೆಯದೆಂದು ಕಲಿತ ಬಡವನು ದಳಪತಿಯ ಹಿಂದೆ ಹೋದನು.

ಔಗುಸ್ತನು ಕ್ರಿ. ಶ. 14ರ ಆಗಸ್ಟ್ 19ರಲ್ಲಿ ತನ್ನ 75ನೆಯ ವಯಸ್ಸಿನಲ್ಲಿ ತೀರಿಕೊಂಡನು. ಆ ವರುಷವೇ ತಿಬೇರಿಯನು ಅಧಿಕಾರಿಗಳ ಆಯ್ಕೆಯನ್ನು ಜನರ ಕೂಟದಿಂದ ತೆಗೆದು ಸೆನೆಟಿಗೆ ಕೊಟ್ಟನು. ಜನರು ಸ್ವಲ್ಪ ಗೊಣಗಿದರು, ಅಷ್ಟೇ ಎಂದು ತಾಸಿತನೆಂಬ ಚರಿತ್ರೆಗಾರನು ತಿಳಿಸುತ್ತಾನೆ. ಮತ ಕೊಂಡುಕೊಳ್ಳುವ ಖರ್ಚು ತಪ್ಪಿತೆಂದು ಸೆನೆಟಿನವರಿಗೆ ಸಂತೋಷವೇ ಆಯಿತಂತೆ. ಕ್ರಿ. ಶ. 41ರ ಜನವರಿಯಲ್ಲಿ ಕಲಿಗುಲನನ್ನು ಅವನ ಕಾವಲಿನ ಸರದಾರರೇ ಕೊಂದಾಗ ಕೊನ್ಸಲರು ಸೆನೆಟನ್ನು ಕೂಡಿಸಿದರು. ಕಾವಲುಗಾರರಿಗೆ ಅಂದಿನ ಗುರುತಿನ ಮಾತಾಗಿ ‘ಸ್ವಾತಂತ್ರ್ಯ’ ಎಂಬ ಶಬ್ದವನ್ನು ಕೊಟ್ಟರು. ಅರಮನೆಯಲ್ಲಿ ಒಬ್ಬ ದಂಡಾಳು ತೆರೆಯ ಹಿಂದೆ ಅಡಗಿದ್ದ ಕ್ಲೌದ್ಯನ ಪಾದಗಳನ್ನು ಕಂಡು, ಅವನನ್ನು ಎಳೆದು, ಚಕ್ರವರ್ತಿಯೆಂದು ವಂದಿಸಿ ದಂಡಿನ ಪಾಳೆಯಕ್ಕೆ ಒಯ್ದನು. ಸೆನೆಟಿನವರು ಯಾರು ಆಳಬೇಕೆಂದು ತಮ್ಮತಮ್ಮೊಳಗೆ ಜಗಳಾಡುತ್ತಿರುವಾಗ, ಹೊರಗೆ ನೆರೆದ ಜನರು ತಮಗೆ ಒಬ್ಬನೇ ಒಡೆಯನು ಬೇಕೆಂದು ಕೂಗಿದರು. ಕ್ಲೌದ್ಯನು ಒಬ್ಬೊಬ್ಬ ದಂಡಾಳಿಗೆ 15,000 ನಾಣ್ಯಗಳನ್ನು ಕೊಡುವೆನೆಂದು ಮಾತು ಕೊಟ್ಟನು. ಮಾರನೆಯ ದಿನ ಸೆನೆಟಿಗೆ ಬಂದವರು ಸುಮಾರು ನೂರು ಮಂದಿ ಮಾತ್ರ. ಮಿಕ್ಕವರು ಮನೆಗಳಲ್ಲಿಯೇ ಇದ್ದರು.