ಕಾಲೂರಲು ನೆಲವಿಲ್ಲದ ಸ್ವಾತಂತ್ರ್ಯ

ಅಮೆರಿಕದ ಚರಿತ್ರೆಯಲ್ಲಿ 1619 ಎರಡು ಕಾರಣಗಳಿಗಾಗಿ ನೆನಪಿಡಬೇಕಾದ ವರ್ಷ. ಜುಲೈ 30ರಂದು ವರ್ಜೀನಿಯಾದ ಜೇಮ್ಸ್‌ಟೌನಿನ ಚರ್ಚಿನಲ್ಲಿ, ವಸಾಹತಿನ ಜನ ಆರಿಸಿ ಕಳಿಸಿದ ಪ್ರತಿನಿಧಿಗಳು ಸಭೆ ಸೇರಿದರು. ಇಂಗ್ಲಿಷರ ಅಮೆರಿಕದಲ್ಲಿ ಅಂಥ ಸಭೆ ಕೂಡಿದ್ದು ಅದೇ ಮೊದಲು. ಆಗಸ್ಟ್ ಕೊನೆಯ ಹೊತ್ತಿಗೆ ಅದೇ ವಸಾಹತಿನ ಪಾಯಿಂಟ್ ಕಂಫರ್ಟ್‌ಗೆ ಬಂದ ಹಡಗೊಂದು ಇಪ್ಪತ್ತು ಚಿಲ್ಲರೆ ಆಫ್ರಿಕನ್ನರನ್ನು ಇಳಿಸಿ, ಬದಲಿಗೆ ಆಹಾರ ಸಾಮಗ್ರಿ ತುಂಬಿಕೊಂಡು ಹೋಯಿತು.

ಈ ಎರಡನ್ನೂ ನಾವು ಬೇರೆ ಬೇರೆ ಅಧ್ಯಾಯಗಳಲ್ಲಿ ಓದುತ್ತೇವೆ. ಪ್ರಜಾಪ್ರಭುತ್ವ ಆ ದೇಶದ ನಿಜಗುಣ, ಗುಲಾಮಗಿರಿ ಅದಕ್ಕೆ ಅಂಟಿದ ಕಳಂಕ, ಅಂತರ್ಯುದ್ಧದಲ್ಲಿ ರಕ್ತ ಸುರಿಸಿ ಆ ಕಳಂಕವನ್ನು ತೊಳೆದುಕೊಂಡರು ಎಂಬ ತಿಳಿವಳಿಕೆ ಗಟ್ಟಿಯಾಗಿ ಕೂತಿದೆ. ಜೇಮ್ಸ್‌ಟೌನ್ ನೆಲೆಗೊಂಡ 1607ರಿಂದ ಅಂತರ್ಯುದ್ಧದ ನಂತರ ದಕ್ಷಿಣದ ರಾಜ್ಯಗಳನ್ನು ಮತ್ತೆ ಕಟ್ಟಲು ಹೊರಟ ಪುನರ್ನಿರ್ಮಾಣದ ಕಾಲ ಮುಗಿದ 1877ರವರೆಗಿನ ಅವಧಿಯನ್ನು ಒಂದೇ ಓಟದಲ್ಲಿ ಓದಿದರೆ ಈ ತಿಳಿವಳಿಕೆ ನಿಲ್ಲುವುದಿಲ್ಲ. ಅಲ್ಲಿನ ಬಿಳಿಯರಿಗೆ ಸ್ವಾತಂತ್ರ್ಯವೆಂದರೆ ಮೊದಲಿನಿಂದಲೂ ಸ್ವಂತ ನೆಲದ ಮೇಲೆ ನಿಲ್ಲುವುದು, ಯಾರ ಹಂಗಿಗೂ ಬೀಳದೆ ಬದುಕುವುದು. ಕಪ್ಪು ಜನರಿಗೆ ಬಿಡುಗಡೆ ಕೊಡುವ ಹೊತ್ತು ಬಂದಾಗ ಮಾತ್ರ ಸ್ವಾತಂತ್ರ್ಯಕ್ಕೂ ನೆಲಕ್ಕೂ ಸಂಬಂಧವೇ ಇಲ್ಲವೆಂಬಂತೆ ಅವರ ಸರ್ಕಾರ ನಡೆದುಕೊಂಡಿತು. ಪುನರ್ನಿರ್ಮಾಣ ಮುರಿದುಬಿದ್ದದ್ದು ಇಲ್ಲಿ ಎಂಬುದು ನನ್ನ ವಾದ.

ವರ್ಜೀನಿಯಾದಲ್ಲಿ ನೆಲ ಸಿಗುತ್ತಿದ್ದ ಬಗೆಯಿಂದಲೇ ಶುರುಮಾಡೋಣ. ತನ್ನ ಖರ್ಚಿನಲ್ಲಿ ಆಳನ್ನು ಕರೆತಂದವನಿಗೆ ತಲೆಗೆ 50 ಎಕರೆ ಕೊಡುವುದು ಅಲ್ಲಿನ ನಿಯಮವಾಗಿತ್ತು. ಹೀಗೆ ಹಂಚಿದ ನೆಲ ಪೌಹಾಟನ್ ಮತ್ತಿತರ ಮೂಲನಿವಾಸಿಗಳದ್ದು. ಅದರಲ್ಲಿ ಬೆಳೆಯುತ್ತಿದ್ದದ್ದು ತಂಬಾಕು, ತಂಬಾಕಿಗೆ ಬೇಕಾದದ್ದು ಮೈಮುರಿದು ದುಡಿಯುವ ಕೈಗಳು. ಅಂದರೆ ಆಳಿದ್ದರೆ ನೆಲ, ನೆಲವಿದ್ದರೆ ಮತ್ತಷ್ಟು ಆಳು. 1621ರಲ್ಲಿ ಸೆರೆಯಾಳಾಗಿ ಬಂದ ಆಂಟನಿ ಜಾನ್ಸನ್ ಎಂಬ ಆಫ್ರಿಕನ್ ಕೂಡ ಕಾಲಕ್ರಮದಲ್ಲಿ ಬಿಡುಗಡೆ ಹೊಂದಿ, ಇದೇ ನಿಯಮದಂತೆ 1651ರಲ್ಲಿ ಐದು ತಲೆಗಳ ಲೆಕ್ಕದಲ್ಲಿ 250 ಎಕರೆ ಪಡೆದ. ಅವನೂ ಒಬ್ಬ ಕಪ್ಪು ಆಳನ್ನು ಇಟ್ಟುಕೊಂಡಿದ್ದ. ಆ ದಶಕಗಳಲ್ಲಿ ಬಣ್ಣದ ಗೆರೆ ಇನ್ನೂ ಪೂರ್ತಿ ಎಳೆದಿರಲಿಲ್ಲ. ಆದರೆ 1670ರಲ್ಲಿ, ಅವನು ಸತ್ತ ಮೇಲೆ, ವರ್ಜೀನಿಯಾದ ಜ್ಯೂರಿ ಅವನು ನೀಗ್ರೋ, ಹಾಗಾಗಿ ಪರಕೀಯ, ಅವನ ಜಮೀನು ರಾಜನಿಗೆ ಸೇರಬೇಕು ಎಂದು ತೀರ್ಮಾನ ಕೊಟ್ಟಿತು. ಬದುಕಿದ್ದಾಗ ಉತ್ತು ಬಿತ್ತಿದವನನ್ನು ಸತ್ತ ಮೇಲೆ ಪರಕೀಯನನ್ನಾಗಿ ಮಾಡಲಾಯಿತು.

ಗೆರೆ ತಾನಾಗಿ ಮೂಡಲಿಲ್ಲ, ಒಂದೊಂದೇ ಶಾಸನ ಬರೆದು ಅದನ್ನು ಎಳೆದರು. ಎಲಿಜಬೆತ್ ಕೀ ಎಂಬ ಹೆಣ್ಣುಮಗಳ ಪ್ರಕರಣ ನೋಡಿ. ತಾಯಿ ಆಫ್ರಿಕನ್, ತಂದೆ ಇಂಗ್ಲಿಷಿನವ. ತನ್ನ ತಂದೆ ಸ್ವತಂತ್ರ ಪ್ರಜೆ, ತಾನು ದೀಕ್ಷಾಸ್ನಾನ ಪಡೆದ ಕ್ರೈಸ್ತಳು, ತನ್ನನ್ನು ಗುಲಾಮಳಾಗಿ ಇಟ್ಟುಕೊಳ್ಳುವಂತಿಲ್ಲ ಎಂದು ಅವಳು ನ್ಯಾಯಾಲಯಕ್ಕೆ ಹೋಗಿ 1656ರಲ್ಲಿ ಗೆದ್ದಳು. ಆರು ವರ್ಷಗಳಲ್ಲಿ, 1662ರಲ್ಲಿ, ಮಗುವಿನ ಸ್ಥಿತಿ ತಾಯಿಯ ಸ್ಥಿತಿಯನ್ನೇ ಅನುಸರಿಸುತ್ತದೆ ಎಂಬ ಶಾಸನ ಬಂತು. 1667ರಲ್ಲಿ ದೀಕ್ಷಾಸ್ನಾನದಿಂದ ಯಾರಿಗೂ ಬಿಡುಗಡೆಯಾಗುವುದಿಲ್ಲ ಎಂಬ ಇನ್ನೊಂದು ಶಾಸನ ಬಂತು. ಅವಳು ಹೊರಬಂದ ಎರಡೂ ಬಾಗಿಲುಗಳನ್ನು ಅವಳ ಹಿಂದೆಯೇ ಮುಚ್ಚಿದರು. ಮುಚ್ಚಿದ್ದು 1619ರಲ್ಲಿ ಮೊದಲ ಬಾರಿ ಕೂಡಿದ್ದ ಅದೇ ಪ್ರತಿನಿಧಿ ಸಭೆ. ಜನರ ಸಭೆ ಇದ್ದರೆ ಸಾಕು, ನ್ಯಾಯ ತಾನಾಗಿ ಬರುತ್ತದೆ ಎಂದು ನಂಬುವವರು ಈ ಸಂಗತಿಯನ್ನು ಮನಸ್ಸಿಗೆ ತಂದುಕೊಳ್ಳಬೇಕು. ಸಭೆಯೊಳಗೆ ಯಾರಿದ್ದಾರೆ, ಯಾರ ಮಾತು ಅಲ್ಲಿ ಕೇಳಿಸುವುದೇ ಇಲ್ಲ ಎಂಬುದರ ಮೇಲೆ ನ್ಯಾಯದ ಗತಿ ನಿಂತಿರುತ್ತದೆ.

ಇಷ್ಟಾದ ಮೇಲೆ 1776ರ ಸ್ವಾತಂತ್ರ್ಯ ಘೋಷಣೆಯನ್ನು ಬರೀ ಬೂಟಾಟಿಕೆ ಎಂದು ತಳ್ಳಿಹಾಕುವುದು ಸುಲಭ. ಎಲ್ಲ ಮನುಷ್ಯರೂ ಸಮಾನರು ಎಂದು ಬರೆದ ಥಾಮಸ್ ಜೆಫರ್ಸನ್ ತನ್ನ ಜೀವಮಾನದಲ್ಲಿ 600ಕ್ಕೂ ಹೆಚ್ಚು ಜನರನ್ನು ಗುಲಾಮರಾಗಿ ಹೊಂದಿದ್ದವನು. ಆದರೂ ಆ ಮಾತು ಪೊಳ್ಳೆಂದು ನಾನು ಒಪ್ಪುವುದಿಲ್ಲ. ಮಾತು ಒಮ್ಮೆ ಹೊರಬಿದ್ದ ಮೇಲೆ ಆಡಿದವನ ಸೊತ್ತಾಗಿ ಉಳಿಯುವುದಿಲ್ಲ. ಎಲ್ಲರೂ ಹುಟ್ಟಿನಿಂದ ಸ್ವತಂತ್ರರು, ಸಮಾನರು ಎಂದು ಮ್ಯಾಸಚೂಸೆಟ್ಸ್‌ನ 1780ರ ಸಂವಿಧಾನ ಸಾರಿತ್ತು. ಮರುವರ್ಷವೇ ಎಲಿಜಬೆತ್ ಫ್ರೀಮನ್ ಎಂಬ ಗುಲಾಮ ಹೆಂಗಸು, ಓದುಬರಹ ಬಾರದವಳು, ಆ ಮಾತು ತನಗೂ ಅನ್ವಯಿಸಬೇಕು ಎಂದು ಕೋರ್ಟು ಹತ್ತಿದಳು. ಜ್ಯೂರಿ ಅವಳನ್ನು ಬಿಡುಗಡೆ ಮಾಡಿ ಯಜಮಾನನಿಗೆ 30 ಶಿಲಿಂಗ್ ದಂಡ ಹಾಕಿತು. ಆಮೇಲೆ ಅವಳು ಕೂಲಿಗೆ ದುಡಿದು ಸ್ವಂತ ಮನೆ ಮಾಡಿಕೊಂಡಳು. ಉದಾತ್ತ ಘೋಷಣೆಗೆ ಬೆಲೆ ಬರುವುದು ಹೀಗೆ. ಬರೆದವರ ಮನಸ್ಸಿನಲ್ಲಿಲ್ಲದವರು ಅದನ್ನು ಕೈಗೆತ್ತಿಕೊಂಡಾಗ.

ಜೆಫರ್ಸನ್ ಬಗ್ಗೆ ಇನ್ನೊಂದು ಸಂಗತಿ ಹೇಳಬೇಕು. 1776ರಲ್ಲೇ ಅವನು ವರ್ಜೀನಿಯಾಕ್ಕಾಗಿ ಬರೆದ ಸಂವಿಧಾನದ ಕರಡಿನಲ್ಲಿ, ವಯಸ್ಸಿಗೆ ಬಂದ ಪ್ರತಿಯೊಬ್ಬನಿಗೂ 50 ಎಕರೆಯಷ್ಟಾದರೂ ನೆಲ ಇರುವಂತೆ ನೋಡಿಕೊಳ್ಳಬೇಕೆಂಬ ಸೂಚನೆ ಇತ್ತು. ಅದು ಅಂಗೀಕಾರವಾಗಲಿಲ್ಲ. ಆದರೆ ಪರರ ಅನ್ನದ ಹಂಗಿನಲ್ಲಿರುವವನು ಪರರ ಮಾತಿನ ಹಂಗಿನಲ್ಲೂ ಇರುತ್ತಾನೆ, ಸ್ವಂತ ಹೊಲವುಳ್ಳ ರೈತನೇ ಗಣರಾಜ್ಯದ ಆಧಾರ ಎಂಬ ಅರಿವು ಆ ತಲೆಮಾರಿಗೆ ಚೆನ್ನಾಗಿತ್ತು. ಅನೇಕ ರಾಜ್ಯಗಳು ಆಸ್ತಿಯುಳ್ಳವರಿಗೆ ಮಾತ್ರ ಮತ ಕೊಟ್ಟದ್ದೂ ಇದೇ ತರ್ಕದಿಂದ. ತರ್ಕ ಕ್ರೂರವಾಗಿತ್ತು, ಆದರೆ ಅದರೊಳಗಿದ್ದ ತಿಳಿವಳಿಕೆ ಸುಳ್ಳಲ್ಲ.

ನೆಲದ ಹಸಿವು ಅಲ್ಲಿಗೆ ನಿಲ್ಲಲಿಲ್ಲ. 1793ರಲ್ಲಿ ಹತ್ತಿ ಬಿಡಿಸುವ ಯಂತ್ರ ಬಂದ ಮೇಲೆ ಹತ್ತಿಯ ಬೇಸಾಯ ಪಶ್ಚಿಮಕ್ಕೆ ಹಬ್ಬಿತು. 1790ರಲ್ಲಿ ಸುಮಾರು 7 ಲಕ್ಷವಿದ್ದ ಗುಲಾಮರ ಸಂಖ್ಯೆ 1860ರಲ್ಲಿ ಸುಮಾರು 40 ಲಕ್ಷಕ್ಕೆ ಏರಿತು. ಹತ್ತಿಗೆ ಬೇಕಾದ ನೆಲದಲ್ಲಿ ಚೆರೋಕೀ ಮುಂತಾದ ಜನಾಂಗಗಳಿದ್ದವು. ಬಿಳಿಯರು ನಾಗರಿಕತೆಯ ಗುರುತುಗಳೆಂದು ಎಣಿಸಿದ್ದನ್ನೆಲ್ಲ ಚೆರೋಕೀಗಳು ಸಾಧಿಸಿದ್ದರು. ಸಿಕೋಯಾ ಎಂಬವರು ತಮ್ಮ ಭಾಷೆಗೆ ಲಿಪಿ ರೂಪಿಸಿಕೊಟ್ಟಿದ್ದರು, 1827ರಲ್ಲಿ ಲಿಖಿತ ಸಂವಿಧಾನ ಸಿದ್ಧವಾಯಿತು, 1828ರಲ್ಲಿ ಪತ್ರಿಕೆ ಹೊರಬಂತು. 1832ರಲ್ಲಿ ಸುಪ್ರೀಂ ಕೋರ್ಟು ಕೂಡ ಚೆರೋಕೀ ನಾಡಿನಲ್ಲಿ ಜಾರ್ಜಿಯಾ ರಾಜ್ಯದ ಕಾನೂನು ನಡೆಯದು ಎಂದಿತು. ಯಾವುದೂ ಉಪಯೋಗಕ್ಕೆ ಬರಲಿಲ್ಲ. 1838-39ರಲ್ಲಿ ಸೈನ್ಯ ಅವರನ್ನು ಎಬ್ಬಿಸಿ ಪಶ್ಚಿಮಕ್ಕೆ ನಡೆಸಿತು, ಸುಮಾರು 4,000 ಜನ ಸತ್ತರೆಂದು ಅಂದಾಜು. ತೀರ್ಪು ಕೈಯಲ್ಲಿದ್ದರೂ ಅದನ್ನು ನಡೆಸಿಕೊಡುವ ಶಕ್ತಿ ಬೆನ್ನಿಗಿಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ ಇದಕ್ಕಿಂತ ದಾರುಣ ಪುರಾವೆ ಬೇಕಿಲ್ಲ.

ಈಗ ಗುಲಾಮಗಿರಿಯ ಪ್ರಶ್ನೆಯ ಮೇಲೆ ಉತ್ತರ ಮತ್ತು ದಕ್ಷಿಣದ ರಾಜ್ಯಗಳ ನಡುವೆ ನಡೆದ ಅಂತರ್ಯುದ್ಧದ ಕೊನೆಗೆ ಬರೋಣ. 1865ರ ಜನವರಿ 12ರ ಸಂಜೆ ಜಾರ್ಜಿಯಾದ ಸವಾನಾ ಊರಿನಲ್ಲಿ ಉತ್ತರದ ಸೇನೆಯ ಜನರಲ್ ಶೆರ್ಮನ್ ಮತ್ತು ಯುದ್ಧ ಖಾತೆಯ ಕಾರ್ಯದರ್ಶಿ ಸ್ಟಾಂಟನ್ ಇಪ್ಪತ್ತು ಮಂದಿ ಕಪ್ಪು ಧರ್ಮಬೋಧಕರನ್ನು ಕರೆಸಿ ಮಾತಾಡಿದರು. ಅವರ ಪರವಾಗಿ ಉತ್ತರ ಕೊಟ್ಟವರು 67 ವರ್ಷದ ಗ್ಯಾರಿಸನ್ ಫ್ರೇಜಿಯರ್. ಕೆಲವು ವರ್ಷಗಳ ಹಿಂದೆ ಸಾವಿರ ಡಾಲರ್ ಕೊಟ್ಟು ತಮ್ಮನ್ನೂ ತಮ್ಮ ಹೆಂಡತಿಯನ್ನೂ ಬಿಡಿಸಿಕೊಂಡಿದ್ದವರು. ನಿಮ್ಮನ್ನು ನೀವು ಹೇಗೆ ನೋಡಿಕೊಳ್ಳುತ್ತೀರಿ ಎಂಬ ಪ್ರಶ್ನೆಗೆ ಅವರ ಉತ್ತರ ನೇರವಾಗಿತ್ತು: ನಮಗೆ ನೆಲ ಬೇಕು, ಅದನ್ನು ನಾವೇ ಉತ್ತು ಬದುಕುತ್ತೇವೆ, ಮುಂದೆ ಅದನ್ನು ಕೊಂಡು ನಮ್ಮದಾಗಿಸಿಕೊಳ್ಳುತ್ತೇವೆ. ದಾನ ಬೇಡುವ ದನಿ ಅದರಲ್ಲಿರಲಿಲ್ಲ. ಜೆಫರ್ಸನ್ ಕರಡಿನಲ್ಲಿ ಬರೆದಿಟ್ಟದ್ದನ್ನು ಫ್ರೇಜಿಯರ್ ತಮ್ಮ ಬದುಕಿನಿಂದ ಕಲಿತಿದ್ದರು.

ನಾಲ್ಕು ದಿನಗಳಲ್ಲಿ ಶೆರ್ಮನ್ ಆದೇಶ ಹೊರಡಿಸಿದ. ದಕ್ಷಿಣ ಕ್ಯಾರೊಲೈನಾದಿಂದ ಫ್ಲೋರಿಡಾದವರೆಗಿನ ಕರಾವಳಿಯಲ್ಲಿ, ದ್ವೀಪಗಳಲ್ಲಿ, ಕುಟುಂಬಕ್ಕೆ 40 ಎಕರೆ ಮೀರದಂತೆ ಜಮೀನು. ಸುಮಾರು 40,000 ಜನ ಅಲ್ಲಿ ನೆಲೆಸಿ ಬೇಸಾಯ ಹೂಡಿದರು. ಏಪ್ರಿಲ್‌ನಲ್ಲಿ ಅಧ್ಯಕ್ಷ ಲಿಂಕನ್ ಕೊಲೆಯಾದ. ಅವನ ನಂತರ ಬಂದ ಆಂಡ್ರೂ ಜಾನ್ಸನ್ ದಂಗೆ ಎದ್ದಿದ್ದ ಹಳೆಯ ಮಾಲೀಕರಿಗೆ ಕ್ಷಮಾದಾನ ಕೊಟ್ಟು ಜಮೀನನ್ನೂ ಮರಳಿಸಲು ಹೊರಟ. ಈ ಸುದ್ದಿ ತಿಳಿಸಲು ಅಕ್ಟೋಬರ್‌ನಲ್ಲಿ ಎಡಿಸ್ಟೊ ದ್ವೀಪಕ್ಕೆ ಹೋದವನು ಜನರಲ್ ಆಲಿವರ್ ಹೋವರ್ಡ್, ಬಿಡುಗಡೆಯಾದವರ ಹಿತ ಕಾಯಲೆಂದು ಸ್ಥಾಪಿಸಿದ್ದ ಇಲಾಖೆಯ ಮುಖ್ಯಸ್ಥ. ಯುದ್ಧದಲ್ಲಿ ಬಲಗೈ ಕಳೆದುಕೊಂಡಿದ್ದವನು. ಮಾಲೀಕರನ್ನು ಕ್ಷಮಿಸಿಬಿಡಿ, ಅವರ ಬಳಿಯೇ ಕೂಲಿಗೆ ಸೇರಿ ಎಂದು ಅವನು ಚರ್ಚಿನಲ್ಲಿ ನೆರೆದ ಜನರಿಗೆ ಹೇಳಬೇಕಾಯಿತು. ದ್ವೀಪದವರು ಆಮೇಲೆ ಅವನಿಗೊಂದು ಪತ್ರ ಬರೆದರು. ನೀವು ಯುದ್ಧದಲ್ಲಿ ಒಂದು ಕೈ ಕಳೆದುಕೊಂಡಿರಿ, ನೀವು ಕ್ಷಮಿಸಬಹುದು. ನನ್ನನ್ನು ಮರಕ್ಕೆ ಕಟ್ಟಿ ಛಡಿಯೇಟು ಕೊಟ್ಟವನನ್ನು, ನನ್ನ ತಾಯಿಯನ್ನೂ ತಂಗಿಯನ್ನೂ ಹೊಡೆದವನನ್ನು, ಈಗ ತನ್ನ ಷರತ್ತಿಗೆ ಒಪ್ಪದ ಹೊರತು ನೆಲ ಕೊಡದವನನ್ನು ಕ್ಷಮಿಸುವುದು ನನ್ನಿಂದಾಗದು ಎಂಬುದು ಅದರ ಒಂದು ಭಾಗದ ಸಾರಾಂಶ. ಆ ವರ್ಷಗಳ ಅಮೆರಿಕದಲ್ಲಿ ಇದಕ್ಕಿಂತ ಸ್ಪಷ್ಟವಾದ ರಾಜಕೀಯ ಚಿಂತನೆಯನ್ನು ನಾನು ಕಂಡಿಲ್ಲ. ಹಳೆಯ ಒಡೆಯನ ಷರತ್ತಿಗೆ ಕಟ್ಟುಬಿದ್ದ ಬಿಡುಗಡೆ ಪೂರ್ತಿ ಬಿಡುಗಡೆಯಲ್ಲ ಎಂದು ಅವರು ಆಗಲೇ ಕಂಡುಕೊಂಡಿದ್ದರು.

ಇದಕ್ಕೆ ಆಗ ಕೊಟ್ಟ ಉತ್ತರ, ಈಗಲೂ ಕೆಲವರು ಕೊಡುವ ಉತ್ತರ, ಆಸ್ತಿಯ ಹಕ್ಕು ಪವಿತ್ರ ಎಂಬುದು. ಒಬ್ಬರ ಜಮೀನು ಕಿತ್ತು ಇನ್ನೊಬ್ಬರಿಗೆ ಕೊಡುವ ಸರ್ಕಾರ ನಾಳೆ ಯಾರ ಜಮೀನನ್ನೂ ಬಿಡದು ಎಂಬ ಭಯ ನಿಜವಾದ ಭಯವೇ. ಆದರೆ ಅದೇ ಸರ್ಕಾರದ ನಡತೆಯನ್ನು ಪಕ್ಕದಲ್ಲಿಟ್ಟು ನೋಡೋಣ. 1862ರ ಹೋಮ್‌ಸ್ಟೆಡ್ ಕಾಯಿದೆಯಲ್ಲಿ, ಐದು ವರ್ಷ ನೆಲೆಸಿ ಉತ್ತವರಿಗೆ 160 ಎಕರೆಯನ್ನು ಬರೀ ದಾಖಲಾತಿ ಶುಲ್ಕಕ್ಕೆ ಕೊಟ್ಟಿತು. ಹೆಚ್ಚಿನದು ಸೇರಿದ್ದು ಬಿಳಿಯರಿಗೆ, ಕೊಟ್ಟ ನೆಲ ಮೂಲನಿವಾಸಿಗಳದ್ದು. ಅದೇ ವರ್ಷ ರಾಜಧಾನಿ ವಾಷಿಂಗ್ಟನ್‌ನಲ್ಲಿ ಗುಲಾಮಗಿರಿ ರದ್ದು ಮಾಡಿದಾಗ, ಸರ್ಕಾರಕ್ಕೆ ನಿಷ್ಠರಾದ ಯಜಮಾನರಿಗೆ ತಲೆಗೆ 300 ಡಾಲರ್‌ವರೆಗೆ ಪರಿಹಾರ ಕೊಟ್ಟಿತು. ಜೀವಮಾನವಿಡೀ ಬಿಟ್ಟಿ ದುಡಿದವರಿಗೆ ಕೂಲಿಬಾಕಿ ಎಂದು ಬಿಡಿಗಾಸೂ ಕೊಡಲಿಲ್ಲ. ದಂಗೆ ಎದ್ದ ದೊಡ್ಡ ಜಮೀನ್ದಾರರ ಭೂಮಿಯಲ್ಲಿ 40 ಎಕರೆಯಂತೆ ಹಂಚೋಣ ಎಂದು ಥ್ಯಾಡಿಯಸ್ ಸ್ಟೀವನ್ಸ್ ಕಾಂಗ್ರೆಸ್ಸಿನಲ್ಲಿ ಮಂಡಿಸಿದ ಪ್ರಸ್ತಾಪ ಬಿದ್ದುಹೋಯಿತು. ಹಾಗಾದರೆ ಆಸ್ತಿ ಪವಿತ್ರವಾದದ್ದು ಯಾರದು ಎಂಬುದನ್ನು ನೋಡಿ ಮಾತ್ರ. ಎಡಿಸ್ಟೊ ಎಂಬ ಹೆಸರೂ ಆ ದ್ವೀಪದಲ್ಲಿ ಹಿಂದೆ ಬಾಳಿದ ಒಂದು ಮೂಲನಿವಾಸಿ ಜನಾಂಗದ್ದು ಎಂಬುದನ್ನು ಮರೆಯಬಾರದು. ಆ ನೆಲದ ನ್ಯಾಯ 40 ಎಕರೆಯಿಂದಲೂ ಪೂರ್ಣವಾಗುತ್ತಿರಲಿಲ್ಲ.

ನೆಲ ಸಿಗದಿದ್ದರೂ ಮತ ಸಿಕ್ಕಿತು. ಅದನ್ನು ಕೀಳುಗಳೆಯಲಾರೆ. ಸಂವಿಧಾನದ 13, 14 ಮತ್ತು 15ನೇ ತಿದ್ದುಪಡಿಗಳು 1865ರಿಂದ 1870ರೊಳಗೆ ಬಂದವು. ಗುಲಾಮಗಿರಿ ಹೋಯಿತು, ಪೌರತ್ವ ಬಂತು, ಬಣ್ಣದ ಕಾರಣಕ್ಕೆ ಮತ ನಿರಾಕರಿಸಬಾರದೆಂಬ ಕಟ್ಟಳೆ ಬಂತು. ಹೈರಮ್ ರೆವೆಲ್ಸ್ 1870ರಲ್ಲಿ ಮಿಸಿಸಿಪ್ಪಿಯಿಂದ ಸೆನೆಟ್ಟಿಗೆ ಹೋದರು. ಗುಲಾಮರಾಗಿದ್ದಾಗ ಶತ್ರುಗಳ ಹಡಗನ್ನೇ ಚಾಲಾಕಿಯಿಂದ ನಡೆಸಿಕೊಂಡು ಬಂದು ತಪ್ಪಿಸಿಕೊಂಡಿದ್ದ ರಾಬರ್ಟ್ ಸ್ಮಾಲ್ಸ್ ಕಾಂಗ್ರೆಸ್ ಸದಸ್ಯರಾದರು. ದಕ್ಷಿಣದ ರಾಜ್ಯಗಳಲ್ಲಿ ಸಾರ್ವಜನಿಕ ಶಾಲೆಗಳು ವ್ಯವಸ್ಥಿತವಾಗಿ ತೆರೆದದ್ದು ಕಪ್ಪು ಜನರ ಮತದ ಬಲದಿಂದ ಬಂದ ರಿಪಬ್ಲಿಕನ್ ಸರ್ಕಾರಗಳ ಕಾಲದಲ್ಲಿ, ಅವುಗಳಿಂದ ಬಡ ಬಿಳಿಯರ ಮಕ್ಕಳಿಗೂ ಅಕ್ಷರ ಸಿಕ್ಕಿತು. ಆದರೆ ಮತ ಹಾಕಿ ಬಂದವನು ಮರುದಿನ ಬೆಳಿಗ್ಗೆ ಹೋಗಬೇಕಾದದ್ದು ಹಳೆಯ ಒಡೆಯನ ಹೊಲಕ್ಕೆ. ಬೆಳೆಯಲ್ಲಿ ಪಾಲು ಎಂಬ ಕರಾರು, ಬಿತ್ತನೆಗೂ ದಿನಸಿಗೂ ಅದೇ ಊರಿನ ಸಾಲ, ಸುಗ್ಗಿಯ ಲೆಕ್ಕದಲ್ಲಿ ಮತ್ತೆ ಬಾಕಿ. ಒಕ್ಕಲೆಬ್ಬಿಸುವ ಅಧಿಕಾರ ಯಾರ ಕೈಯಲ್ಲಿದೆಯೋ ಮತದ ಮೇಲೆ ಅವರ ಕಣ್ಣು ಇದ್ದೇ ಇರುತ್ತದೆ.

ಬೆದರಿಕೆಗೆ ಬಗ್ಗದವರಿಗೆ ಬಂದೂಕು ಕಾದಿತ್ತು. 1873ರ ಏಪ್ರಿಲ್ 13ರಂದು ಲೂಯಿಸಿಯಾನದ ಕೋಲ್‌ಫ್ಯಾಕ್ಸ್‌ನಲ್ಲಿ, ಚುನಾವಣೆಯ ವಿವಾದದ ಬೆನ್ನಲ್ಲೇ, ಕೋರ್ಟಿನ ಕಟ್ಟಡವನ್ನು ಕಾಯುತ್ತಿದ್ದ ಕಪ್ಪು ಜನರನ್ನು ಬಿಳಿಯರ ಸಶಸ್ತ್ರ ಗುಂಪು ಕೊಂದಿತು, ಅನೇಕರನ್ನು ಶರಣಾದ ಮೇಲೂ ಕೊಂದಿತು. 14ನೇ ತಿದ್ದುಪಡಿ ತಡೆಯುವುದು ರಾಜ್ಯಗಳನ್ನು, ಖಾಸಗಿ ವ್ಯಕ್ತಿಗಳನ್ನಲ್ಲ ಎಂದು ಹೇಳಿ 1876ರಲ್ಲಿ ಸುಪ್ರೀಂ ಕೋರ್ಟು ಅಪರಾಧಿಗಳ ಶಿಕ್ಷೆಯನ್ನು ಅನೂರ್ಜಿತಗೊಳಿಸಿತು. ಮರುವರ್ಷ, ವಿವಾದಕ್ಕೊಳಗಾದ ಅಧ್ಯಕ್ಷ ಚುನಾವಣೆಯನ್ನು ಇತ್ಯರ್ಥಪಡಿಸಿದ ರಾಜಿಯ ನಂತರ, ದಕ್ಷಿಣದಲ್ಲಿ ಉಳಿದಿದ್ದ ಕೊನೆಯ ರಿಪಬ್ಲಿಕನ್ ಸರ್ಕಾರಗಳಿಗೆ ಕಾವಲಿದ್ದ ಸೈನ್ಯವೂ ಹಿಂದೆ ಸರಿಯಿತು.

ಕೋಲ್‌ಫ್ಯಾಕ್ಸ್ ಹತ್ಯಾಕಾಂಡ ನಡೆದ ಅದೇ 1873ರಲ್ಲಿ ಜ್ಯೋತಿರಾವ್ ಫುಲೆ ಪುಣೆಯಲ್ಲಿ ಕೂತು ತಮ್ಮ 'ಗುಲಾಮಗಿರಿ' ಪುಸ್ತಕವನ್ನು ಅಮೆರಿಕದ ಸಜ್ಜನರಿಗೆ, ಗುಲಾಮರ ಬಿಡುಗಡೆಗಾಗಿ ಅವರು ತೋರಿದ ತ್ಯಾಗಕ್ಕೆ, ಅರ್ಪಿಸಿದರು. ಅವರ ಗೌರವ ಅಪಾತ್ರವಾಗಿರಲಿಲ್ಲ, ಲಕ್ಷಾಂತರ ಜನ ಆ ಯುದ್ಧದಲ್ಲಿ ಪ್ರಾಣ ಕೊಟ್ಟಿದ್ದರು. ಆದರೆ ದೂರದಿಂದ ಕಾಣುವುದು ಘೋಷಣೆ, ಹತ್ತಿರ ಹೋದರೆ ಕಾಣುವುದು ಹೊಲದ ಕರಾರು. ನ್ಯೂಯಾರ್ಕಿನ ಕೊಲಂಬಿಯಾದಲ್ಲಿ ಓದಿದ ಅಂಬೇಡ್ಕರ್ ಈ ವ್ಯತ್ಯಾಸವನ್ನು ಬಲ್ಲವರು. ರಾಜಕೀಯದಲ್ಲಿ ಸಮಾನತೆ, ಬದುಕಿನಲ್ಲಿ ಅಸಮಾನತೆ ಎಂಬ ವೈರುಧ್ಯವನ್ನು ಬೇಗ ನೀಗಿಸದಿದ್ದರೆ ಕಟ್ಟಿದ ಪ್ರಜಾಪ್ರಭುತ್ವವೇ ಉಳಿಯದು ಎಂದು ಅವರು 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಎಚ್ಚರಿಸಿದರು. ಅಮೆರಿಕದ ದಕ್ಷಿಣದಲ್ಲಿ ಆ ವೈರುಧ್ಯವನ್ನು ಹಾಗೆಯೇ ಬಿಟ್ಟದ್ದರಿಂದ ಬಂದ ಫಲ ಮುಕ್ಕಾಲು ಶತಮಾನದಿಂದ ಜಗತ್ತಿನ ಕಣ್ಣೆದುರಿಗಿತ್ತು.

ಕಪ್ಪು ಜನ ಆಳಲು ಅನರ್ಹರಾಗಿದ್ದರಿಂದಲೇ ಪುನರ್ನಿರ್ಮಾಣ ಸೋತಿತೆಂದು ಅಮೆರಿಕದ ವಿಶ್ವವಿದ್ಯಾಲಯಗಳು ದಶಕಗಟ್ಟಲೆ ಬೋಧಿಸಿದವು. 1935ರಲ್ಲಿ ಕಪ್ಪು ಇತಿಹಾಸಕಾರ ಡಬ್ಲ್ಯೂ. ಇ. ಬಿ. ಡುಬಾಯ್ಸ್ ಒಂದು ಬೃಹತ್ ಗ್ರಂಥ ಬರೆದು ಆ ಸುಳ್ಳನ್ನು ಬಯಲು ಮಾಡಿದರು. ಸೋತವರ ಮೇಲೆಯೇ ಸೋಲಿನ ಹೊಣೆ ಹೊರಿಸುವುದು ಅನ್ಯಾಯವನ್ನು ಎರಡನೆಯ ಸಲ ಮಾಡಿದಂತೆ. ಅವರಲ್ಲಿ ಕೊರತೆ ಇರಲಿಲ್ಲ. ಮಾತು ಕೊಟ್ಟ ಸರ್ಕಾರ ಆ ಮಾತಿಗೆ ಬೇಕಾದ ನೆಲವನ್ನು ಕೊಡಲಿಲ್ಲ, ರಕ್ಷಣೆಯನ್ನು ಹನ್ನೆರಡೇ ವರ್ಷಗಳಲ್ಲಿ ಹಿಂತೆಗೆದುಕೊಂಡಿತು. ಸ್ವಾತಂತ್ರ್ಯಕ್ಕೆ ಈ ಮೂರೂ ಬೇಕು: ಕಾನೂನಿನ ಮಾತು, ಸ್ವಂತ ಬದುಕಿನ ಆಧಾರ, ಎರಡನ್ನೂ ಕಾಯುವ ಶಕ್ತಿ. ಒಂದನ್ನು ಕೊಟ್ಟು ಎರಡನ್ನು ತಡೆಹಿಡಿದರೆ ಕೊಟ್ಟದ್ದೂ ಕೈಜಾರುತ್ತದೆ. ಎಲ್ಲೇ ಆಗಲಿ, ಒಂದು ಜನಸಮುದಾಯಕ್ಕೆ ಬಿಡುಗಡೆ ಕೊಟ್ಟೆವೆಂದು ಸರ್ಕಾರ ಹೆಮ್ಮೆಪಟ್ಟುಕೊಂಡಾಗ ಕಾನೂನಿನ ಪುಟವನ್ನಷ್ಟೇ ಓದಿ ಸುಮ್ಮನಾಗಬಾರದು. ಆ ಜನ ಯಾರ ನೆಲದಲ್ಲಿ ದುಡಿಯುತ್ತಿದ್ದಾರೆ, ಇಲ್ಲ ಎಂದು ಹೇಳಿದರೆ ಅವರಿಗೆ ಏನಾಗುತ್ತದೆ ಎಂದು ವಿಚಾರಿಸಬೇಕು. ಉತ್ತರ ಅಲ್ಲಿರುತ್ತದೆ.